ಕಾಂತರೇಖೆಗಳು ತುಂಡಾಗಿ ಕೂಡುವ ಗಳಿಗೆ

ಶಿವಮೊಗ್ಗದ ನಮ್ಮ ಶಾಲೆಯಲ್ಲಿ ಹಾಳೆಯ ಕೆಳಗೆ ಎರಡು ದಂಡಕಾಂತಗಳನ್ನಿಟ್ಟು ಮೇಲೆ ಕಬ್ಬಿಣದ ಪುಡಿ ಉದುರಿಸಿದಾಗ ಮೂಡುವ ಕಮಾನುಗಳನ್ನು ಮಕ್ಕಳು ಬೆರಗಿನಿಂದ ನೋಡುತ್ತಾರೆ. ಒಂದು ಕಾಂತವನ್ನು ತಿರುಗಿಸಿಟ್ಟು ಹಾಳೆಯನ್ನು ಮೆಲ್ಲಗೆ ತಟ್ಟಿದರೆ, ತನ್ನ ಕಾಂತವನ್ನೇ ಸುತ್ತುತ್ತಿದ್ದ ರೇಖೆಗಳು ಪಕ್ಕದ ಕಾಂತಕ್ಕೆ ಹಾಯುತ್ತವೆ. ಗಾಳಿಯಲ್ಲಿ ಇದಕ್ಕೆ ಅಡ್ಡಿಯಿಲ್ಲ. ಆದರೆ ಪ್ಲಾಸ್ಮಾದಲ್ಲಿ, ಅಂದರೆ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಕೊಂಡ ಬಿಸಿ ಅನಿಲದಲ್ಲಿ, ವಿದ್ಯುತ್ತು ಸರಾಗವಾಗಿ ಹರಿಯುವುದರಿಂದ ಬಲರೇಖೆಗಳು ಅನಿಲಕ್ಕೆ ಅಂಟಿಕೊಂಡಂತೆಯೇ ಚಲಿಸುತ್ತವೆ. ವಿರುದ್ಧ ದಿಕ್ಕಿನ ರೇಖೆಗಳು ಒತ್ತಿಕೊಂಡಲ್ಲಿ, ನಡುವಿನ ತೆಳು ಪದರದಲ್ಲಿ ಮಾತ್ರ ಆ ಅಂಟು ಬಿಡುತ್ತದೆ. ಅಲ್ಲಿ ರೇಖೆಗಳು ತುಂಡಾಗಿ ಹೊಸದಾಗಿ ಕೂಡಿಕೊಳ್ಳುತ್ತವೆ. ಕಾಂತಶಕ್ತಿ ಶಾಖವಾಗಿ, ಕಣಗಳ ವೇಗವಾಗಿ ಹೊರಬೀಳುತ್ತದೆ. ಸೌರಜ್ವಾಲೆಗಳ ಮೂಲ ಈ ಮರುಜೋಡಣೆಯೇ.

1950ರ ದಶಕದಲ್ಲಿ ವಿಜ್ಞಾನಿಗಳಾದ ಪೀಟರ್ ಸ್ವೀಟ್ ಮತ್ತು ಯೂಜೀನ್ ಪಾರ್ಕರ್ ಕಟ್ಟಿದ ಲೆಕ್ಕದಂತೆ ಜ್ವಾಲೆಯೊಂದಕ್ಕೆ ತಿಂಗಳುಗಳೇ ಬೇಕು. ಸೂರ್ಯನಲ್ಲಿ ಅದು ನಿಮಿಷಗಳಲ್ಲಿ ಭುಗಿಲೇಳುತ್ತದೆ. ತೊಡಕೆಲ್ಲಿದೆ ಎಂಬುದು ಅಡಿಕೆ ತೋಟವಿದ್ದವರಿಗೆ ಬೇಗ ಹೊಳೆದೀತು. ಆಷಾಢದ ಮಳೆನೀರು ತೋಟದ ಉದ್ದಗಲದಿಂದಲೂ ಬಂದು ಸೇರುತ್ತದೆ, ಹೊರಹೋಗುವುದು ಮಾತ್ರ ಬಸಿಗಾಲುವೆಯ ಕಿರಿದಾದ ಬಾಯಿಯಿಂದ. ಪದರ ತೆಳುವಾದಷ್ಟೂ ಪ್ಲಾಸ್ಮಾಕ್ಕೂ ಅದೇ ಗತಿ.

ಸೂರ್ಯನಲ್ಲಿ ಆ ಬಾಯಿಯನ್ನು ಕೈಯಿಟ್ಟು ಅಳೆಯಲಾಗದು. ಅದಕ್ಕೆಂದೇ ಅಮೆರಿಕದ ಪ್ರಿನ್ಸ್‌ಟನ್ ಪ್ಲಾಸ್ಮಾ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಮಸಾಕಿ ಯಮಾಡಾ ಅವರ ತಂಡ 1995ರಲ್ಲಿ ಎಂಆರ್‌ಎಕ್ಸ್ (ಮ್ಯಾಗ್ನೆಟಿಕ್ ರೀಕನೆಕ್ಷನ್ ಎಕ್ಸ್‌ಪೆರಿಮೆಂಟ್, ಅಂದರೆ ಕಾಂತ ಮರುಜೋಡಣೆಯ ಪ್ರಯೋಗ) ಉಪಕರಣವನ್ನು ಆರಂಭಿಸಿತು. ನಿರ್ವಾತ ಕೋಶದೊಳಗೆ, ತಂತಿಸುರುಳಿಗಳನ್ನು ಅಡಗಿಸಿಕೊಂಡ ಎರಡು ದೊಡ್ಡ ಉಂಗುರಗಳಿವೆ. ಅವುಗಳ ವಿದ್ಯುತ್ತನ್ನು ಇಳಿಸಿದಂತೆ ನಡುವೆ ರೇಖೆಗಳು ಮರುಜೋಡಣೆಯಾಗುತ್ತವೆ. ತಾಪ ಸುಮಾರು 1 ಲಕ್ಷ ಡಿಗ್ರಿಯಾದರೂ ಅನಿಲ ತೀರಾ ವಿರಳ, ಪ್ರಯೋಗ ಮುಗಿಯುವುದು ಸೆಕೆಂಡಿನ ಸಾವಿರದ ಒಂದು ಪಾಲಿನೊಳಗೆ. ಹಾಗಾಗಿ ಪುಟ್ಟ ಸುರುಳಿಗಳ ಸಾಲನ್ನು ಪದರದೊಳಕ್ಕೇ ಇಳಿಸಬಹುದು. ಕಾಂತಕ್ಷೇತ್ರ ಬದಲಾದ ಕೂಡಲೇ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಫ್ಯಾರಡೆಯ ಈ ಹಳೆಯ ನಿಯಮವೇ ಅಲ್ಲಿ ಕಣ್ಣಾಗಿರುವುದು ನನಗೆ ಬಲು ಇಷ್ಟ.

ಕಣಗಳ ಡಿಕ್ಕಿ ಹೆಚ್ಚಿದ್ದಾಗ, ಕೆಲವು ತಿದ್ದುಪಡಿಗಳೊಡನೆ, ಹಳೆಯ ಲೆಕ್ಕ ಹೊಂದಿತು. ಡಿಕ್ಕಿ ವಿರಳವಾದಾಗ ಮರುಜೋಡಣೆ ಅದನ್ನು ಮೀರಿ ವೇಗ ಪಡೆಯಿತು. ಭಾರವಾದ ಅಯಾನುಗಳು, ಅಂದರೆ ಎಲೆಕ್ಟ್ರಾನು ಕಳಚಿಕೊಂಡ ಪರಮಾಣುಗಳು, ಪದರದ ನಡುಭಾಗಕ್ಕಿಂತ ಕೆಲವು ಸೆಂಟಿಮೀಟರ್ ಮೊದಲೇ ರೇಖೆಗಳ ಹಿಡಿತದಿಂದ ಬಿಡಿಸಿಕೊಳ್ಳುತ್ತವೆ, ಹಗುರ ಎಲೆಕ್ಟ್ರಾನುಗಳು ಇನ್ನೂ ಒಳಗಿನವರೆಗೆ ರೇಖೆಯೊಂದಿಗೇ ಸಾಗುತ್ತವೆ. ದಾರಿಗಳು ಹೀಗೆ ಬೇರಾದಾಗ ಹುಟ್ಟುವ ವಿದ್ಯುತ್ ಹರಿವು ನಾಲ್ಕು ದಳಗಳ ಕಾಂತಕ್ಷೇತ್ರವೊಂದನ್ನು ಮೂಡಿಸುತ್ತದೆ. 2005ರಲ್ಲಿ ಎಂಆರ್‌ಎಕ್ಸ್‌ನ ಸುರುಳಿಗಳು ಆ ದಳಗಳನ್ನು ಸ್ಪಷ್ಟವಾಗಿ ಗುರುತಿಸಿದವು. ಅಯಾನುಗಳು ಹೊರಡುವ ಬಾಯಿ ಅಗಲವಾಗಿತ್ತು. 2014ರ ಅಳತೆಯಂತೆ ಕಾಂತಶಕ್ತಿಯ ಸುಮಾರು ಅರ್ಧ ಕಣಗಳಿಗೆ ಸೇರುತ್ತದೆ, ಅದರಲ್ಲಿ ಮೂರನೇ ಎರಡು ಪಾಲು ಅಯಾನುಗಳದು.

ಸಾವಿರಾರು ಕಿಲೋಮೀಟರ್ ಹರಡಿದ ಸೌರಜ್ವಾಲೆಯಲ್ಲಾದರೋ ಪದರ ಒಂದಾಗಿ ಉಳಿಯದೆ ಕಾಂತದ್ವೀಪಗಳ, ಅಂದರೆ ಬಲರೇಖೆಗಳು ತಮ್ಮಲ್ಲೇ ಸುತ್ತಿಕೊಂಡ ತುಣುಕುಗಳ, ಸರಣಿಯಾಗಿ ಒಡೆಯಬೇಕೆಂದು ಸಿದ್ಧಾಂತ ಹೇಳುತ್ತದೆ. ಅದನ್ನು ಕೋಶದೊಳಗೆ ಕಾಣಲೆಂದೇ ಪ್ರಿನ್ಸ್‌ಟನ್ನಿನಲ್ಲಿ ಫ್ಲೇರ್ ಎಂಬ ಇನ್ನೂ ದೊಡ್ಡ ಉಪಕರಣವನ್ನು ಕಟ್ಟಿದ್ದಾರೆ.