ಕ್ಯಾನ್ಸರ್ ಕೋಶ ನೋಡಿ ಕರುಳಿನ ಬಗ್ಗೆ ಹೇಳೋದು ಹೇಗೆ?

ಪ್ರಶ್ನೆ: ಹೊಸ ಔಷಧಿ ಕರುಳು ದಾಟಿ ರಕ್ತ ಸೇರುತ್ತಾ ಅಂತ ತಿಳಿಯಲು ಲ್ಯಾಬಿನಲ್ಲಿ ಕ್ಯಾನ್ಸರ್ ಜೀವಕೋಶಗಳನ್ನು ಬಳಸುತ್ತಾರಂತೆ. ಕಾಯಿಲೆಯ ಕೋಶ ನೋಡಿ ಆರೋಗ್ಯವಂತರ ಕರುಳಿನ ಬಗ್ಗೆ ಹೇಳಲು ಆಗುತ್ತಾ?

ಉತ್ತರ: ತುಂಬಾ ಮಟ್ಟಿಗೆ ಆಗುತ್ತದೆ. ನಮ್ಮ ಕರುಳಿನ ಒಳಪದರದ ಕೋಶಗಳ ಆಯಸ್ಸೇ ಕೆಲವು ದಿನ. ಮೈಯಿಂದ ಹೊರಗೆ ತೆಗೆದರೆ ಅವು ಬೇಗ ಸಾಯುತ್ತವೆ. ಕ್ಯಾನ್ಸರ್ ಕೋಶ ಹಾಗಲ್ಲ, ಬೆಳೆಸಿದಷ್ಟೂ ಬೆಳೆಯುತ್ತದೆ. ಹೆಚ್ಚಾಗಿ ಬಳಸುವುದು ಕಾಕೋ-2 ಎಂಬ ಕೋಶ. 1970ರ ದಶಕದಲ್ಲಿ ಒಬ್ಬ ರೋಗಿಯ ದೊಡ್ಡ ಕರುಳಿನ ಗಡ್ಡೆಯಿಂದ ತೆಗೆದದ್ದು.

ಸಣ್ಣ ರಂಧ್ರಗಳಿರುವ ಪೊರೆಯ ಮೇಲೆ ಇವನ್ನು ಬಿತ್ತುತ್ತಾರೆ. ಜಾಗವೆಲ್ಲ ತುಂಬಿದ ಮೇಲೆ ಅವು ಹೆಚ್ಚುವುದನ್ನು ನಿಲ್ಲಿಸಿ ಮಾಗಲು ಶುರು ಮಾಡುತ್ತವೆ. ಸುಮಾರು 21 ದಿನದಲ್ಲಿ ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡ ಒಂದೇ ಪದರ ಆಗುತ್ತದೆ. ಮೇಲ್ಭಾಗದಲ್ಲಿ ಕೂದಲೆಳೆಗಿಂತ ಎಷ್ಟೋ ಸಣ್ಣ ಚಾಚುಗಳೂ ಮೂಡುತ್ತವೆ. ದೊಡ್ಡ ಕರುಳಿನಿಂದ ಬಂದ ಕೋಶ ಸಣ್ಣ ಕರುಳಿನ ವೇಷ ತೊಡುತ್ತದೆ! ನನಗೆ ಇದು ಈಗಲೂ ಬೆರಗು.

ಪದರ ಸೋರುತ್ತಿದೆಯಾ ಅಂತ ಮೊದಲು ವಿದ್ಯುತ್ ಹಾಯಿಸಿ ನೋಡುತ್ತಾರೆ. ತಡೆ ಕಡಿಮೆ ಇದ್ದರೆ ಎಲ್ಲೋ ಬಿರುಕಿದೆ ಎಂದರ್ಥ. ಸರಿಯಿದ್ದರೆ ಮೇಲೆ, ಅಂದರೆ ಕರುಳಿನ ಕಡೆ, ಔಷಧಿ ಹಾಕಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೆರಡು ಗಂಟೆ ಇಟ್ಟು, ಕೆಳಗೆ, ಅಂದರೆ ರಕ್ತದ ಕಡೆ, ಎಷ್ಟು ಇಳಿಯಿತು ಅಂತ ಅಳೆಯುತ್ತಾರೆ. 96 ಗುಳಿಗಳ ತಟ್ಟೆಯಲ್ಲಿ ಎಷ್ಟೋ ಔಷಧಿಗಳನ್ನು ಒಟ್ಟಿಗೇ ನೋಡಬಹುದು.

ಆಮೇಲೆ ಉಲ್ಟಾ ಮಾಡುತ್ತಾರೆ: ಕೆಳಗೆ ಹಾಕಿ ಮೇಲೆ ಎಷ್ಟು ಬಂತು ಅಂತ ನೋಡುತ್ತಾರೆ. ಇದನ್ನು ಬಿಡಲೇಬಾರದು ಅಂತ ನನ್ನ ಅಭಿಪ್ರಾಯ. ಯಾಕೆಂದರೆ ಕರುಳಿನ ಕೋಶ ಸುಮ್ನೆ ನಿಂತ ಗೋಡೆಯಲ್ಲ. ಅದರಲ್ಲಿ ಪಿ-ಗ್ಲೈಕೋಪ್ರೋಟೀನ್ ಎಂಬ ಪಂಪ್ ಇದೆ. ಒಳಗೆ ಬಂದ ಕೆಲವು ಔಷಧಿಗಳನ್ನು ಅದು ಹಿಡಿದು ವಾಪಸ್ ಕರುಳಿಗೇ ನೂಕುತ್ತದೆ. ಹೃದಯದ ಔಷಧಿ ಡಿಗಾಕ್ಸಿನ್ ಇದಕ್ಕೆ ಒಳ್ಳೆ ಉದಾಹರಣೆ. ಕೆಳಗಿನಿಂದ ಮೇಲೆ ಹೋಗುವ ವೇಗ ಮೇಲಿನಿಂದ ಕೆಳಗೆ ಬರುವ ವೇಗದ ಎರಡು ಪಟ್ಟೋ ಇನ್ನೂ ಜಾಸ್ತಿಯೋ ಇದ್ದರೆ ಪಂಪಿನ ಮೇಲೆ ಅನುಮಾನ ಪಡಬೇಕು.

ಮೂರು ವಾರ ಕಾಯಲಾಗದವರು ನಾಯಿಯ ಮೂತ್ರಪಿಂಡದಿಂದ ಬಂದ, ಕೆಲವೇ ದಿನಗಳಲ್ಲಿ ಸಿದ್ಧವಾಗುವ ಎಂಡಿಸಿಕೆ ಕೋಶ ಬಳಸುತ್ತಾರೆ. 1998ರಲ್ಲಿ ಪ್ರಕಟವಾದ ಪ್ಯಾಂಪಾ (PAMPA) ಎಂಬ ವಿಧಾನದಲ್ಲಂತೂ ಕೋಶವೇ ಇಲ್ಲ, ಕೊಬ್ಬಿನಂಥ ಪೊರೆ ಮಾತ್ರ. ಅಗ್ಗ, ಬೇಗ. ಆದರೆ ಪಂಪಿನ ಸುಳಿವು ಅಲ್ಲಿ ಸಿಗುವುದಿಲ್ಲ.

ಇನ್ನು ನಿಮ್ಮ ಅನುಮಾನದಲ್ಲೂ ಹುರುಳಿದೆ. ಕಾಕೋ-2 ಕೋಶಗಳ ನಡುವಿನ ಸಂದು ನಮ್ಮ ಸಣ್ಣ ಕರುಳಿಗಿಂತ ಬಿಗಿ. ರಕ್ತದೊತ್ತಡದ ಔಷಧಿ ಅಟೆನಲಾಲ್ ಇಂಥ ಸಂದಿನಲ್ಲಿ ನುಸುಳುವಂಥದ್ದು. ತಟ್ಟೆಯಲ್ಲಿ ಅದು ಬಹಳ ನಿಧಾನ, ಆದರೆ ಮನುಷ್ಯರಲ್ಲಿ ಸುಮಾರು ಅರ್ಧದಷ್ಟು ಒಳಗೆ ಹೋಗುತ್ತದೆ. ಹಾಗಾಗಿ ಬರೀ ಅಂಕಿ ನೋಡಿ ಯಾರೂ ತೀರ್ಮಾನಿಸುವುದಿಲ್ಲ. ಚೆನ್ನಾಗಿ ದಾಟುವ ಮೆಟೊಪ್ರೊಲಾಲ್, ಕಷ್ಟದಿಂದ ದಾಟುವ ಅಟೆನಲಾಲ್, ಎರಡನ್ನೂ ಜೊತೆಗಿಟ್ಟು ಹೊಸದು ಯಾವುದರ ಹತ್ತಿರ ನಿಲ್ಲುತ್ತದೆ ಅಂತ ನೋಡುತ್ತಾರೆ.