ಬೆಳಗಿನ ಮಾತ್ರೆ ಸಂಜೆ ಹೊತ್ತಿಗೆ ಎಲ್ಲಿ ಹೋಗುತ್ತದೆ?

ಮುಂಬೈಯಲ್ಲಿ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಂಚಲತೆಯ ತೊಂದರೆ) ಇರುವ ಮಕ್ಕಳ ಅಪ್ಪ ಅಮ್ಮಂದಿರ ಜೊತೆ ಮಾತಿಗೆ ಕೂತರೆ ಎರಡು ದೂರು ಒಟ್ಟಿಗೇ ಬರುತ್ತವೆ. "ಮಧ್ಯಾಹ್ನಕ್ಕೇ ಮಾತ್ರೆ ಪವರ್ ಇಳಿದುಹೋಗುತ್ತದೆ, ಸಂಜೆ ಕ್ಲಾಸ್‌ನಲ್ಲಿ ಕೂರುವುದೇ ಇಲ್ಲ" ಅಂತ ಒಂದು. "ವರ್ಷಗಟ್ಟಲೆ ದಿನಾ ಕೊಟ್ಟರೆ ಮೈಯಲ್ಲೆಲ್ಲ ಸೇರಿಕೊಂಡುಬಿಡುವುದಿಲ್ವಾ" ಅಂತ ಇನ್ನೊಂದು. ಎಷ್ಟೋ ಸಲ ಎರಡನ್ನೂ ಹೇಳುವವರು ಒಬ್ಬರೇ. ಮಾಟುಂಗಾ, ಗೋರೆಗಾಂವ್, ಡೊಂಬಿವಲಿಯ ನಮ್ಮ ಕನ್ನಡದವರ ಮನೆಗಳಲ್ಲಿ ಈ ಮಾತು ಇನ್ನೂ ಮೆಲ್ಲಗೇ ನಡೆಯುತ್ತದೆ. ಊರಿಂದ ಅಜ್ಜಿ ಬಂದರೆ ಮಾತ್ರೆ ಕಪಾಟಿನೊಳಗೆ ಹೋಗುತ್ತದೆ. ಮನಸ್ಸು ಬಿಚ್ಚಿ ಕೇಳಲಾಗದ ಮೇಲೆ ಅನುಮಾನ ಹೇಗೆ ತೀರುತ್ತದೆ? ಅದಕ್ಕೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮಾತ್ರೆ ಎಷ್ಟು ಹೊತ್ತು ಕೆಲಸ ಮಾಡುತ್ತದೆ, ರಕ್ತದಲ್ಲಿ ಎಷ್ಟು ಹೊತ್ತು ಇರುತ್ತದೆ, ಮೂತ್ರ ಪರೀಕ್ಷೆಯಲ್ಲಿ ಎಷ್ಟು ದಿನ ಸಿಗುತ್ತದೆ, ಇವು ಬೇರೆ ಬೇರೆ ಪ್ರಶ್ನೆಗಳು. ಉತ್ತರಗಳೂ ಬೇರೆ. ಇವನ್ನು ಕಲಸಿಕೊಂಡಾಗಲೇ ಬೇಡದ ಹೆದರಿಕೆ ಹುಟ್ಟುತ್ತದೆ, ಕೆಲವೊಮ್ಮೆ ಬೇಡದ ಎರಡನೇ ಮಾತ್ರೆಯೂ ಹೊಟ್ಟೆಗೆ ಹೋಗುತ್ತದೆ.

ನಮ್ಮ ದೇಶದಲ್ಲಿ ಎಡಿಎಚ್‌ಡಿಗೆ ಡಾಕ್ಟರು ಬರೆಯುವ ಉತ್ತೇಜಕ ಔಷಧಿ ಸಾಮಾನ್ಯವಾಗಿ ಮಿಥೈಲ್‌ಫೆನಿಡೇಟ್. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸಿಬಾ ಕಂಪನಿಯ ಲಿಯಾಂಡ್ರೊ ಪಾನಿಝಾನ್ 1944ರಲ್ಲಿ ಇದನ್ನು ಮೊದಲು ತಯಾರಿಸಿದರು. ನಮ್ಮ ಮಿದುಳಿನ ನರಕೋಶಗಳು ಡೋಪಮೀನ್ ಮತ್ತು ನಾರ್‌ಎಪಿನೆಫ್ರಿನ್ ಎಂಬ ರಾಸಾಯನಿಕಗಳನ್ನು ಹೊರಗೆ ಬಿಡುತ್ತವೆ, ಆಮೇಲೆ ಮತ್ತೆ ಒಳಗೆ ಎಳೆದುಕೊಳ್ಳುತ್ತವೆ. ಹಾಗೆ ಎಳೆದುಕೊಳ್ಳುವುದನ್ನು ಈ ಔಷಧಿ ತಡೆಯುತ್ತದೆ. ಆ ರಾಸಾಯನಿಕಗಳು ಇನ್ನಷ್ಟು ಹೊತ್ತು ಹೊರಗೇ ಉಳಿಯುತ್ತವೆ, ಗಮನ ನಿಲ್ಲುವುದು ಸುಲಭವಾಗುತ್ತದೆ.

ಈಗ ರಕ್ತದ ಲೆಕ್ಕ ನೋಡೋಣ. ಔಷಧಿ ಮೈಯಿಂದ ಹೋಗುವ ವೇಗವನ್ನು ಅಳೆಯುವುದು ಅರ್ಧಾಯುವಿನಿಂದ, ಅಂದರೆ ಇದ್ದದ್ದರಲ್ಲಿ ಅರ್ಧ ಖಾಲಿಯಾಗಲು ಹಿಡಿಯುವ ಸಮಯ. ಸಿಎಸ್‌ಎಂಟಿಯಿಂದ ಹೊರಟ ಒಂದು ಲೋಕಲ್‌ನಲ್ಲಿ ಪ್ರತಿ ಸ್ಟೇಷನ್‌ಗೂ ಒಳಗಿದ್ದವರಲ್ಲಿ ಅರ್ಧ ಜನ ಇಳಿಯುತ್ತಾರೆ, ಹೊಸಬರು ಯಾರೂ ಹತ್ತುವುದಿಲ್ಲ ಅಂದುಕೊಳ್ಳಿ. ಮೊದಲ ಸ್ಟೇಷನ್‌ನಲ್ಲಿ ದೊಡ್ಡ ಗುಂಪು ಇಳಿಯುತ್ತದೆ, ಆಮೇಲೆ ಇಳಿಯುವವರು ಕಡಿಮೆಯಾಗುತ್ತ ಹೋಗುತ್ತಾರೆ, ಐದನೇ ಸ್ಟೇಷನ್ ದಾಟುವಾಗ ನೂರಕ್ಕೆ ಮೂರು ಜನ ಉಳಿದಿರುತ್ತಾರೆ. ಐದು ಅರ್ಧಾಯು ಆದರೆ ಔಷಧಿ ಹೆಚ್ಚುಕಡಿಮೆ ಹೋದ ಹಾಗೆ ಅಂತ ಡಾಕ್ಟರು ಹೇಳುವುದು ಈ ಲೆಕ್ಕದಿಂದಲೇ. ಮಿಥೈಲ್‌ಫೆನಿಡೇಟ್‌ನ ಅರ್ಧಾಯು ಮಕ್ಕಳಲ್ಲಿ ಸುಮಾರು ಎರಡೂವರೆ ಗಂಟೆ, ದೊಡ್ಡವರಲ್ಲಿ ಮೂರೂವರೆ ಗಂಟೆಯ ಆಸುಪಾಸು. ತುಂಬಾ ಕಡಿಮೆ ಅಲ್ವಾ?

ಹೋಲಿಕೆಗೆ ಖಿನ್ನತೆಗೆ ಕೊಡುವ ಫ್ಲುಒಕ್ಸೆಟಿನ್ ತೆಗೆದುಕೊಳ್ಳಿ. ಅದರ ಅರ್ಧಾಯು ದಿನಗಳ ಲೆಕ್ಕದಲ್ಲಿದೆ. ಮೈಯೊಳಗೆ ಅದು ಮಾರ್ಪಟ್ಟು ಆಗುವ ಇನ್ನೊಂದು ರೂಪವಂತೂ ಒಂದು ವಾರ, ಎರಡು ವಾರದವರೆಗೂ ಅರ್ಧಕ್ಕೆ ಇಳಿಯುವುದಿಲ್ಲ. ಆ ಮಾತ್ರೆ ದಿನದಿಂದ ದಿನಕ್ಕೆ ಮೈಯಲ್ಲಿ ಶೇಖರವಾಗಿಯೇ ಕೆಲಸ ಮಾಡುತ್ತದೆ. ಮಿಥೈಲ್‌ಫೆನಿಡೇಟ್ ಹಾಗಲ್ಲ. ಬೆಳಿಗ್ಗೆ ಏಳಕ್ಕೆ ಕೊಟ್ಟ ಮಾತ್ರೆ ಮಾರನೇ ದಿನ ಏಳರ ಹೊತ್ತಿಗೆ ಬಹುತೇಕ ಹೋಗಿಯೇ ಬಿಟ್ಟಿರುತ್ತದೆ. ಲಿವರ್‌ನಲ್ಲಿರುವ ಸಿಇಎಸ್1 ಎಂಬ ಕಿಣ್ವ ಇದನ್ನು ಮುರಿದು ರಿಟಾಲಿನಿಕ್ ಆಮ್ಲ ಮಾಡುತ್ತದೆ. ಅದು ಮಿದುಳಿನ ಮೇಲೆ ಹೇಳಿಕೊಳ್ಳುವಂಥ ಕೆಲಸವನ್ನೇನೂ ಮಾಡದೆ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ವರ್ಷಗಟ್ಟಲೆ ತೆಗೆದುಕೊಂಡರೂ ಪ್ರತಿ ಬೆಳಿಗ್ಗೆ ಹೆಚ್ಚುಕಡಿಮೆ ಸೊನ್ನೆಯಿಂದಲೇ ಶುರು. ಮಗುವಿನ ತೂಕ, ಎತ್ತರ, ಬಿಪಿಯನ್ನು ಆಗಾಗ ನೋಡಬೇಕು ಅಂತ ಡಾಕ್ಟರು ಹೇಳುವುದಕ್ಕೆ ಕಾರಣ ಇದೆ, ಅದನ್ನು ತಪ್ಪಿಸಬೇಡಿ. ಆದರೆ ಆ ಕಾರಣ ಔಷಧಿ ಸೇರಿಕೊಂಡು ಕೂರುತ್ತದೆ ಎಂಬುದಲ್ಲ.

ಹಾಗಾದರೆ ಮಧ್ಯಾಹ್ನವೇ ಪವರ್ ಇಳಿಯುವುದು ಯಾಕೆ? ನನಗೆ ಈ ವಿಷಯದಲ್ಲಿ ಅತ್ಯಂತ ಆಸಕ್ತಿ ಹುಟ್ಟಿಸಿದ ಭಾಗ ಇದೇ. ಎಂಟು ಗಂಟೆಗೆ ಸಾದಾ ಮಾತ್ರೆ ನುಂಗಿದರೆ ಹತ್ತರ ಸುಮಾರಿಗೆ ರಕ್ತದಲ್ಲಿ ಅದು ತುತ್ತತುದಿಗೆ ಏರುತ್ತದೆ. ಹನ್ನೆರಡಕ್ಕೆ ಇನ್ನೂ ಅರ್ಧಕ್ಕಿಂತ ಜಾಸ್ತಿ ಉಳಿದಿರುತ್ತದೆ. ಆದರೂ ಹನ್ನೆರಡರ ಹೊತ್ತಿಗೆ ಮಗು ಮತ್ತೆ ಚಡಪಡಿಸಲು ಶುರು ಮಾಡುತ್ತದೆ. ಔಷಧಿ ಇದೆ, ಕೆಲಸ ಇಲ್ಲ.

1990ರ ದಶಕದಲ್ಲಿ ಅಮೆರಿಕದ ಸಂಶೋಧಕ ಜೇಮ್ಸ್ ಸ್ವಾನ್ಸನ್ ಮತ್ತು ಜೊತೆಗಾರರು ಇದನ್ನೇ ಹಿಡಿದು ಕೂತರು. ಆಗ ಮಕ್ಕಳಿಗೆ ದಿನಕ್ಕೆ ಎರಡು, ಮೂರು ಸಲ ಮಾತ್ರೆ ಕೊಡಬೇಕಿತ್ತು, ಶಾಲೆಯಲ್ಲೇ ಒಂದು ಡೋಸ್ ಆಗಬೇಕಿತ್ತು, ಉಳಿದ ಮಕ್ಕಳೆಲ್ಲ ನೋಡುತ್ತಿದ್ದರು. ಇಡೀ ದಿನ ಒಂದೇ ಮಟ್ಟದಲ್ಲಿ ಔಷಧಿ ಬಿಡುವ ಮಾತ್ರೆ ಇದ್ದರೆ ಸಾಕು ಅಂತ ಯಾರಿಗಾದರೂ ಅನಿಸುತ್ತದೆ. ಅವರು ಬೇರೆ ಬೇರೆ ರೀತಿಯಲ್ಲಿ ಡೋಸ್ ಕೊಟ್ಟು, ಮಕ್ಕಳನ್ನು ತರಗತಿಯಲ್ಲಿ ಕೂರಿಸಿ ಗಮನಿಸಿದರು. ಒಂದೇ ಮಟ್ಟದಲ್ಲಿ ಕೊಟ್ಟಾಗ ರಕ್ತದಲ್ಲಿ ಔಷಧಿ ಇಳಿಯದಿದ್ದರೂ ಮಧ್ಯಾಹ್ನದ ಮೇಲೆ ಪರಿಣಾಮ ಇಳಿಯಿತು. ಮೆಲ್ಲಗೆ ಏರುತ್ತ ಹೋಗುವ ಹಾಗೆ ಕೊಟ್ಟಾಗ ಪರಿಣಾಮ ನಿಂತಿತು. ಅಂದರೆ ದೇಹ ಒಂದೇ ದಿನದೊಳಗೆ ಆ ಮಟ್ಟಕ್ಕೆ ಒಗ್ಗಿಕೊಂಡುಬಿಡುತ್ತದೆ, ಮಾರನೇ ಬೆಳಿಗ್ಗೆ ಹೊತ್ತಿಗೆ ಆ ಒಗ್ಗುವಿಕೆ ಹೋಗಿರುತ್ತದೆ.

2000ದಲ್ಲಿ ಅಮೆರಿಕದಲ್ಲಿ ಮಂಜೂರಾದ ಕಾನ್ಸರ್ಟಾ ಮಾತ್ರೆ ಈ ತಿಳಿವಳಿಕೆಯಿಂದ ಬಂದದ್ದು. ಅದರ ಹೊರಪದರದಲ್ಲಿ ನೂರಕ್ಕೆ 22 ಭಾಗ ಔಷಧಿ ಇರುತ್ತದೆ, ಅದು ಬೇಗ ಕರಗುತ್ತದೆ. ಉಳಿದ 78 ಭಾಗ ಗಟ್ಟಿ ಚಿಪ್ಪಿನೊಳಗೆ. ಚಿಪ್ಪಿನಲ್ಲಿ ಲೇಸರ್‌ನಿಂದ ಕೊರೆದ ಒಂದು ಸಣ್ಣ ತೂತು. ಕರುಳಿನ ನೀರು ನಿಧಾನವಾಗಿ ಒಳಗೆ ಇಳಿಯುತ್ತದೆ, ಒಳಗಿನ ಒಂದು ಪದರ ಉಬ್ಬಿಕೊಂಡು ಔಷಧಿಯನ್ನು ಆ ತೂತಿನಿಂದ ಹೊರಗೆ ತಳ್ಳುತ್ತದೆ. ಹೀಗೆ ಹತ್ತು ಹನ್ನೆರಡು ಗಂಟೆ ಪರಿಣಾಮ ಸಿಗುತ್ತದೆ. ಖಾಲಿ ಚಿಪ್ಪು ಮಲದಲ್ಲಿ ಇದ್ದ ಹಾಗೇ ಬರುತ್ತದೆ. ಅದನ್ನು ನೋಡಿ "ಮಾತ್ರೆ ಕರಗಲೇ ಇಲ್ಲ" ಅಂತ ಗಾಬರಿಯಾಗಿ ಇನ್ನೊಂದು ಕೊಡಬೇಡಿ. ಈ ಮಾತ್ರೆಯನ್ನು ಪುಡಿ ಮಾಡಿ ಜೇನಿನಲ್ಲಿ ಕಲಸಿ ಕೊಡುವುದಂತೂ ಅಪಾಯ, ಇಡೀ ದಿನದ ಔಷಧಿ ಒಂದೇ ಸಲಕ್ಕೆ ರಕ್ತಕ್ಕೆ ನುಗ್ಗುತ್ತದೆ. ಬೆಳಿಗ್ಗೆ ಕೊಡಲು ಮರೆತು ಮಧ್ಯಾಹ್ನ ನೆನಪಾಯಿತಾ? ಆ ದಿನ ಬಿಟ್ಟುಬಿಡಿ. ಮಧ್ಯಾಹ್ನ ಎರಡಕ್ಕೆ ಕೊಟ್ಟರೆ ರಾತ್ರಿ ಹನ್ನೆರಡಾದರೂ ಮಗು ಕಣ್ಣು ಮುಚ್ಚದೆ ಇರಬಹುದು.

ಇಳಿಯುವ ಹೊತ್ತಿನ ಬಗ್ಗೆಯೂ ಹೇಳಬೇಕು. ಸಂಜೆ ಆರು ಏಳಕ್ಕೆ ಕೆಲವು ಮಕ್ಕಳು ಸುಮ್ನೆ ಸಿಡುಕುತ್ತಾರೆ, ಅಳುತ್ತಾರೆ, ಒಂದರ್ಧ ಒಂದು ಗಂಟೆ ಮೊದಲಿಗಿಂತ ಜಾಸ್ತಿ ಚಂಚಲ ಆಗುತ್ತಾರೆ. ಔಷಧಿ ಇಳಿಯುವಾಗ ಹೀಗಾಗುವುದುಂಟು. ಆ ಹೊತ್ತಿಗೆ ಸರಿಯಾಗಿ ಗಣಿತದ ಕ್ಲಾಸ್ ಇಟ್ಟರೆ ಮಗುವಿಗೂ ಕಷ್ಟ, ಟೀಚರಿಗೂ ಕಷ್ಟ. ಮಧ್ಯಾಹ್ನದ ಡಬ್ಬಿ ಮುಟ್ಟದೆ ವಾಪಸ್ ಬರುವುದಕ್ಕೂ ಔಷಧಿಯೇ ಕಾರಣ. ಔಷಧಿ ಜೋರಾಗಿರುವಾಗ ಹಸಿವಾಗುವುದಿಲ್ಲ, ರಾತ್ರಿ ಎಂಟು ಒಂಬತ್ತಕ್ಕೆ ಒಮ್ಮೆಲೇ ಹಸಿವಾಗುತ್ತದೆ. ಮಾತ್ರೆಗೆ ಮೊದಲು ಎರಡು ದೋಸೆ ಹೊಟ್ಟೆಗೆ ಹೋಗಲಿ, ರಾತ್ರಿ ತಡವಾಗಿ ಕೇಳಿದರೂ ಬೈಯದೆ ಬಡಿಸಿ. ಡಾಕ್ಟರು ಚೀಟಿ ಬರೆಯುವಾಗಲೇ ಎರಡು ನಿಮಿಷ ತೆಗೆದು ಇದನ್ನು ಹೇಳಿಬಿಟ್ಟರೆ ಎಷ್ಟೋ ಮನೆಗಳ ಸಂಜೆ ಜಗಳ ಕಡಿಮೆಯಾಗುತ್ತದೆ ಅಂತ ನನಗೆ ನಿಜಕ್ಕೂ ಅನಿಸುತ್ತದೆ.

ಎಲ್ಲರ ಮೈಯೂ ಒಂದೇ ಥರ ಅಲ್ಲ. ಸಿಇಎಸ್1 ಕಿಣ್ವ ಹುಟ್ಟಿನಿಂದಲೇ ದುರ್ಬಲ ಇರುವವರಿದ್ದಾರೆ. ಅಂಥವರಲ್ಲಿ ಸಾಮಾನ್ಯ ಡೋಸ್ ಕೊಟ್ಟರೂ ಔಷಧಿ ರಕ್ತದಲ್ಲಿ ತುಂಬಾ ಮೇಲಕ್ಕೆ ಏರುತ್ತದೆ. ದೊಡ್ಡವರಿಗೆ ಇನ್ನೊಂದು ಮಾತು: ಮದ್ಯವೂ ಇದೇ ಕಿಣ್ವದ ಕೆಲಸವನ್ನು ಕೆಡಿಸುತ್ತದೆ, ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ರಕ್ತದಲ್ಲಿ ಔಷಧಿ ಏರುತ್ತದೆ.

ಅಮೆರಿಕದಲ್ಲಿ ಜಾಸ್ತಿ ಬಳಕೆಯಲ್ಲಿರುವ ಆಂಫೆಟಮೀನ್ ಮಾತ್ರೆಗಳ ನಡವಳಿಕೆ ಬೇರೆ. ಅರ್ಧಾಯು ಹತ್ತು ಗಂಟೆಯ ಸುಮಾರು, ಅದೂ ಮೂತ್ರ ಎಷ್ಟು ಆಮ್ಲೀಯ ಎಂಬುದರ ಮೇಲೆ ಹಿಗ್ಗುತ್ತದೆ, ಕುಗ್ಗುತ್ತದೆ. 1960ರ ದಶಕದಲ್ಲಿ ಲಂಡನ್ನಿನಲ್ಲಿ ಬೆಕೆಟ್ ಮತ್ತು ರೌಲೆಂಡ್ ಎಂಬ ಸಂಶೋಧಕರು ಇದನ್ನು ತೋರಿಸಿದರು. ಆಮ್ಲೀಯ ಮೂತ್ರದಲ್ಲಿ ಆಂಫೆಟಮೀನ್ ವಿದ್ಯುದಂಶ ಪಡೆದು ಅಲ್ಲೇ ಸಿಕ್ಕಿಕೊಳ್ಳುತ್ತದೆ, ಹೊರಗೆ ಹೋಗುತ್ತದೆ. ಕ್ಷಾರೀಯ ಆದರೆ ಕಿಡ್ನಿಯ ನಾಳದಿಂದ ಮತ್ತೆ ರಕ್ತಕ್ಕೆ ಹಿಂದಿರುಗುತ್ತದೆ. ಅದಕ್ಕೇ ಈ ಔಷಧಿ ತೆಗೆದುಕೊಳ್ಳುವವರು ಮೂತ್ರವನ್ನು ಕ್ಷಾರೀಯ ಮಾಡುವ ಸೋಡಾ ಪುಡಿಯನ್ನು ಹೊಟ್ಟೆ ಉರಿಗೆ ಕುಡಿಯುವ ಮೊದಲು ಡಾಕ್ಟರನ್ನು ಕೇಳಬೇಕು.

ಪರೀಕ್ಷೆ ಹಿಂದಿನ ರಾತ್ರಿ ಗೆಳೆಯನ ಹತ್ತಿರ ಒಂದು ಮಾತ್ರೆ ಇಸಿದುಕೊಂಡು ನುಂಗುವ ಹುಡುಗರಿಗೂ ಈ ಗಂಟೆಗಳ ಲೆಕ್ಕ ಗೊತ್ತಿರಬೇಕು. ರಾತ್ರಿ ಒಂಬತ್ತಕ್ಕೆ ನುಂಗಿದ್ದು ನಡುರಾತ್ರಿ ಎರಡಾದರೂ ನಿದ್ದೆ ಕೊಡದಿರಬಹುದು. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದಕ್ಕೆ ನಿದ್ದೆ ಬೇಕು. ಹೃದಯದ ತೊಂದರೆ ಇದ್ದು ಗೊತ್ತಿಲ್ಲದಿದ್ದರೆ ಪ್ರಾಣಕ್ಕೇ ಅಪಾಯ. ಜೊತೆಗೆ ಮಿಥೈಲ್‌ಫೆನಿಡೇಟ್ 1985ರ ಎನ್‌ಡಿಪಿಎಸ್ ಎಂಬ ಮಾದಕ ವಸ್ತುಗಳ ಕಾಯ್ದೆಯ ಪಟ್ಟಿಯಲ್ಲಿದೆ, ಚೀಟಿ ಇಲ್ಲದೆ ಕೈ ಬದಲಾಯಿಸುವುದು ಅಪರಾಧ.

ಕೊನೆಗೆ ಮೂತ್ರ ಪರೀಕ್ಷೆ. ಕರಾವಳಿಯಿಂದ ಮುಂಬೈಗೆ ಬಂದು ಹಡಗಿನ ಕೆಲಸಕ್ಕೆ ಮೆಡಿಕಲ್ ಮಾಡಿಸುವ ಹುಡುಗರು ಇದರ ಬಗ್ಗೆ ಕೇಳುತ್ತಾರೆ. ಆಂಫೆಟಮೀನ್ ಮೂತ್ರದಲ್ಲಿ ಸಾಮಾನ್ಯವಾಗಿ ಎರಡು ಮೂರು ದಿನ ಸಿಗುತ್ತದೆ. ಮಿಥೈಲ್‌ಫೆನಿಡೇಟ್‌ನ ರಚನೆಯೇ ಬೇರೆ, ಹೆಚ್ಚಿನ ಆಂಫೆಟಮೀನ್ ಪರೀಕ್ಷೆಗಳು ಅದನ್ನು ಹಿಡಿಯುವುದಿಲ್ಲ, ಅದಕ್ಕೆ ಬೇರೆ ಪರೀಕ್ಷೆ ಬೇಕು. ಕೆಲವು ಶೀತದ ಮಾತ್ರೆಗಳಲ್ಲಿರುವ ಸ್ಯೂಡೋಎಫೆಡ್ರಿನ್‌ನಿಂದ ತಪ್ಪು ಪಾಸಿಟಿವ್ ಬರುವುದೂ ಉಂಟು, ಎರಡನೇ ಹಂತದ ನಿಖರ ಪರೀಕ್ಷೆ ಅದನ್ನು ಬೇರ್ಪಡಿಸುತ್ತದೆ. ಎಷ್ಟು ದಿನ ಬಿಟ್ಟರೆ ಸಿಗುವುದಿಲ್ಲ ಅಂತ ಲೆಕ್ಕ ಹಾಕುತ್ತ ಮಾತ್ರೆ ನಿಲ್ಲಿಸಬೇಡಿ. ಸ್ಯಾಂಪಲ್ ಕೊಡುವ ಮೊದಲೇ ತೆಗೆದುಕೊಳ್ಳುವ ಔಷಧಿಗಳನ್ನೆಲ್ಲ ಬರೆದು, ಚೀಟಿಯ ಪ್ರತಿ ಕೊಡಿ. ದುಬೈ, ಅಬುಧಾಬಿಗೆ ಹೋಗುವವರು ಈ ಮಾತ್ರೆ ಒಯ್ಯಬೇಕಾದರೆ ಅಲ್ಲಿನ ಸರಕಾರದಿಂದ ಮೊದಲೇ ಅನುಮತಿ ಪಡೆಯಬೇಕು. ಡಾಕ್ಟರ ಪತ್ರ ಮತ್ತು ಚೀಟಿ ಕೈಯಲ್ಲಿಟ್ಟುಕೊಂಡು, ಟಿಕೆಟ್ ತೆಗೆಯುವ ಹೊತ್ತಿಗೇ ಅರ್ಜಿ ಹಾಕಿ.