ಒಂದೇ ಮಸ್ಟ್ಯಾಂಗ್, ಎರಡು ಸಿಲ್ವರ್

ವಿಮಾನದ ಮಾಡೆಲ್‌ಗೆ ಯಾವ ಸಿಲ್ವರ್ ಪೇಂಟ್ ತಗೊಳ್ಳಲಿ ಎಂದು ಕೇಳುವವರು ಜಾಸ್ತಿ. ನಿಜವಾದ ವಿಮಾನದ ಮೈ ಹೇಗಿತ್ತು ಅಂತ ಮೊದಲು ನೋಡಿ. ಡಬ್ಬಿ ಆಮೇಲೆ.

ಎರಡನೇ ಮಹಾಯುದ್ಧದ ಅಮೆರಿಕನ್ ಯುದ್ಧವಿಮಾನ ಪಿ-51ಡಿ ಮಸ್ಟ್ಯಾಂಗನ್ನೇ ತಗೊಳ್ಳಿ. ಅದು ಮೂಗಿನಿಂದ ಬಾಲದವರೆಗೂ ಬರೀ ಅಲ್ಯೂಮಿನಿಯಂ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಬಣ್ಣ ಬಳಿಯದೆ ಬಿಟ್ಟ ವಿಮಾನಗಳಲ್ಲಿ ಒಡಲು ಹಾಗೇ ಇತ್ತು. ರೆಕ್ಕೆ ಮಾತ್ರ ಹಾಗಲ್ಲ. ಅದರ ಮೇಲೆ ಗಾಳಿ ತಡೆಯಿಲ್ಲದೆ ಹರಿಯಬೇಕಿತ್ತು. ಅದಕ್ಕೇ ಕಾರ್ಖಾನೆಯಲ್ಲಿ ತಗಡಿನ ಸಂದು, ರಿವೆಟ್‌ಗಳಿಗೆ ಪುಟ್ಟಿ ತುಂಬಿ, ಉಜ್ಜಿ, ಅಲ್ಯೂಮಿನಿಯಂ ಬಣ್ಣ ಹೊಡೆಯುತ್ತಿದ್ದರು. ಹಾಗಾಗಿ ಒಡಲಿಗೆ ಹೊಳೆಯುವ ಲೋಹ, ರೆಕ್ಕೆಗೆ ಮಂಕಾದ ಸಿಲ್ವರ್. ಎಷ್ಟೋ ಮಾಡೆಲ್ ಕಿಟ್‌ಗಳಲ್ಲಿ ರೆಕ್ಕೆಯ ಮೇಲೂ ರಿವೆಟ್ ಸಾಲು ಕೊರೆದಿರುತ್ತದೆ. ಅದನ್ನು ಮುಚ್ಚಿಬಿಡಿ, ಗನ್ ಬಾಗಿಲಿನ ಗೆರೆ ಉಳಿಸಿ.

ಗೇಟಿಗೆ ಹೊಡೆಯುವ ಸಿಲ್ವರ್ ಪೇಂಟ್ ಇಲ್ಲಿ ಬೇಡವೇ ಬೇಡ. 1:48 ಅಳತೆಯಲ್ಲಿ ಒಂದು ಮಿಲಿಮೀಟರ್ ಅಂದರೆ ನಿಜದ ವಿಮಾನದಲ್ಲಿ ಹತ್ತಿರ ಹತ್ತಿರ 5 ಸೆಂಟಿಮೀಟರ್. ಆ ಬಣ್ಣದ ದಪ್ಪ ಕಣಗಳು ಮಾಡೆಲ್ ಮೇಲೆ ಮಿನುಗುಪುಡಿ ಉದುರಿಸಿದಂತೆ ಕಾಣುತ್ತವೆ. ಆಲ್ಕ್ಲಾಡ್, ವಲ್ಲೆಹೋ ಮೆಟಲ್ ಕಲರ್‌ನಂಥ ಮಾಡೆಲ್ ಬಣ್ಣಗಳಲ್ಲಿ ಕಣ ತೀರಾ ಸಣ್ಣದು.

ಒಡಲಿಗೆ ಮೊದಲು ಹೊಳಪಿನ ಕಪ್ಪು ಬೇಸ್ ಕೊಡಿ. ಅದು ಪೂರ್ತಿ ಒಣಗಲಿ. ಸಿಲ್ವರ್ ಯಾವ ಗೀರನ್ನೂ ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಕಪ್ಪಿನ ಮೇಲೆ ಟ್ಯೂಬ್‌ಲೈಟ್ ಬೆಳಕು ಬಿಟ್ಟು ನೋಡಿ. ಬೆಳಕಿನ ಗೆರೆ ಎಲ್ಲಿ ಮುರಿಯುತ್ತದೋ ಅಲ್ಲಿ ಮತ್ತೆ ಉಜ್ಜಬೇಕು. ರೆಕ್ಕೆಗೆ ಬೂದು ಪ್ರೈಮರ್ ಸಾಕು.

ಏರ್‌ಬ್ರಷ್, ಅಂದರೆ ಬಣ್ಣ ಸಿಂಪಡಿಸುವ ಪುಟ್ಟ ಗನ್‌ನ ಗಾಳಿಯ ಒತ್ತಡ 12ರಿಂದ 15 ಪಿಎಸ್ಐ ಇರಲಿ. ಮೊದಲ ಕೋಟ್‌ನಲ್ಲಿ ಕಪ್ಪು ಇಣುಕುತ್ತಿದ್ದರೆ ಗಾಬರಿಯಾಗಬೇಡಿ. ಒಂದೇ ಸಲಕ್ಕೆ ಮುಚ್ಚಲು ಹೋಗಿ ಒದ್ದೆಯಾಗಿ ಹೊಡೆದರೆ ಕಣಗಳು ತೇಲಿ ಒಂದೆಡೆ ಸೇರಿ ಕಲೆಯಾಗುತ್ತವೆ. ತೆಳುವಾಗಿ ಹೊಡೆಯಿರಿ, ಒಣಗಲು ಬಿಡಿ, ಮತ್ತೆ ಹೊಡೆಯಿರಿ. ಕರಾವಳಿಯಲ್ಲಿ ಮಳೆಗಾಲದಲ್ಲಿ ಲ್ಯಾಕರ್ (ಥಿನ್ನರ್ ಆರಿ ಬೇಗ ಒಣಗುವ ಬಣ್ಣ) ಬೆಳ್ಳಗೆ ಮಂಜುಗಟ್ಟುತ್ತದೆ, ಅಲ್ವಾ? ಗಾಳಿಯಲ್ಲಿನ ತೇವವೇ ಕಾರಣ. ಮಳೆ ಬಿಟ್ಟ ದಿನ ನೋಡಿ ಕೆಲಸ ಹಿಡಿಯಿರಿ.

ಬಣ್ಣ ತಾಗಬಾರದ ಕಡೆ ಅಂಟಿಸುವ ಮಾಸ್ಕಿಂಗ್ ಟೇಪನ್ನು ಮೊದಲು ಅಂಗೈ ಹಿಂಭಾಗಕ್ಕೆ ಒತ್ತಿ ಅಂಟು ಕಡಿಮೆ ಮಾಡಿಕೊಳ್ಳಿ. ಕೀಳುವಾಗ ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆಯಿರಿ. ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಕ್ಲಿಯರ್ ಕೋಟನ್ನು ರೆಕ್ಕೆಗೆ ಧಾರಾಳವಾಗಿ ಕೊಡಿ. ಒಡಲಿಗೆ ನಾನು ಕೊಡುವುದೇ ಇಲ್ಲ, ಅಷ್ಟು ಕಷ್ಟಪಟ್ಟು ತಂದ ಲೋಹದ ಹೊಳಪನ್ನು ಅದು ತಗ್ಗಿಸುತ್ತದೆ.